ಹಳೆ ಫೆಂಡರ್ ಆಂಪಿನ ಗುಂಯ್ ಸದ್ದು ಹಿಡಿದು ಹೊರಟಾಗ

ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ನಡೆಯುವ ಗಿಟಾರ್ ಆಂಪ್ಲಿಫೈಯರ್) ಕೆಟ್ಟರೆ ಎಲ್ಲರೂ ಮೊದಲು ವಾಲ್ವಿನ ಮೇಲೇ ಗೂಬೆ ಕೂರಿಸುತ್ತಾರೆ. ಗೆಳೆಯರೊಬ್ಬರು ಅಮೆರಿಕದಿಂದ ಬೆಂಗಳೂರಿಗೆ ತಂದ 1966ರ ಫೆಂಡರ್ ಡಿಲಕ್ಸ್ ರಿವರ್ಬ್‌ಗೂ ಅದೇ ಗತಿ. ಸ್ಪೀಕರಿಗೆ ಬಲ ಕೊಡುವ 6ವಿ6 ಎಂಬ ಪವರ್ ವಾಲ್ವ್‌ಗಳ ಹೊಸ ಜೋಡಿ ಹಾಕಿಸಿದ್ದರು. ಆದರೂ ಸದಾ ಗುಂಯ್, ನಡುನಡುವೆ ಚರಚರ. ರಿವರ್ಬ್ (ಸದ್ದು ಮೊಳಗಿಸುವ ಎಫೆಕ್ಟ್) ಕೂಡ ಬರುತ್ತಿರಲಿಲ್ಲ.

ಅಮೆರಿಕದ ಕರೆಂಟಿಗೆ ಮಾಡಿದ ಆಂಪ್ ಅಲ್ವಾ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಗ್ಗದ ಸ್ಟೆಪ್‌ಡೌನ್ ಕೆಲವದರಲ್ಲಿ ಅರ್ತ್ ಆಚೆ ಬದಿಗೆ ದಾಟುವುದೇ ಇಲ್ಲ. ಮೀಟರ್ ಇಟ್ಟು ನೋಡಿಕೊಳ್ಳಿ. ಆಂಪಿನ ಎರಡು ಪಿನ್ನಿನ ವೈರ್ ತೆಗೆದು ಮೂರು ಪಿನ್ನಿನದು ಹಾಕಿದೆ. ಗ್ರೌಂಡ್ ಸ್ವಿಚ್‌ನಿಂದ ಷಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಹೋಗುವ ಕೆಪಾಸಿಟರನ್ನೂ ಕಿತ್ತೆ. ಅದು ಶಾರ್ಟ್ ಆದರೆ ಗಿಟಾರ್ ತಂತಿಗೇ ಕರೆಂಟ್ ಬರುತ್ತದೆ. ಮೊದಲ ಸಲ ಆನ್ ಮಾಡುವಾಗ 60 ವಾಟಿನ ಹಳೆ ಬಲ್ಬನ್ನು ಸೀರೀಸ್‌ನಲ್ಲಿಟ್ಟೆ. ಅದು ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದೇ ಲೆಕ್ಕ. ಸ್ಪೀಕರ್ ಬಿಚ್ಚಿಟ್ಟು ಮಾತ್ರ ಆನ್ ಮಾಡಬೇಡಿ.

ಗುಂಯ್ ಸದ್ದಿಗೆ ಗಿಟಾರೇ ಸಾಕ್ಷಿ. ದಪ್ಪ ತಂತಿಯ ಮೂರನೇ ಫ್ರೆಟ್ 98 ಹರ್ಟ್ಸ್. ನಮ್ಮ ಕರೆಂಟ್ 50 ಹರ್ಟ್ಸ್. ಅದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ 100 ಆಗುತ್ತದೆ. ಆಂಪಿನ ಸದ್ದು ಆ ಫ್ರೆಟ್ಟಿಗೆ ಹತ್ತಿರ ಹತ್ತಿರ ಕೂತಿತು. ಇನ್ನೂ ಒಂದು ಸ್ಥಾಯಿ ಕೆಳಗಿದ್ದಿದ್ದರೆ ವಾಲ್ವ್ ಕಾಯಿಸುವ ಹೀಟರ್ ವೈರಿನಲ್ಲೋ ಗ್ರೌಂಡ್ ಜೋಡಣೆಯಲ್ಲೋ ದೋಷ ಹುಡುಕುತ್ತಿದ್ದೆ. 6ವಿ6ಗಳಿಗೆ ಸಿಗ್ನಲ್ ಹಂಚುವ ಫೇಸ್ ಇನ್ವರ್ಟರ್ ವಾಲ್ವ್ ತೆಗೆದರೂ ಸದ್ದು ಹೋಗಲಿಲ್ಲ. ಎರಡೂ 6ವಿ6ಗಳ ಕರೆಂಟ್ ಸಮವಾಗಿತ್ತು. ಹಾಗಾದರೆ ತಗಡಿನ ಮುಚ್ಚಳದಡಿ ಇರುವ, ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳೇ ಕಾರಣ. ಅವು 16 ಮೈಕ್ರೋಫ್ಯಾರಡ್, 450 ವೋಲ್ಟಿನವು. ಪ್ಲಗ್ ಕಿತ್ತ ಮೇಲೂ ಪ್ರಾಣಕ್ಕೆ ಎರವಾಗುವಷ್ಟು ವೋಲ್ಟೇಜ್ ಹಿಡಿದಿಟ್ಟಿರುತ್ತವೆ. ದೊಡ್ಡ ವಾಟಿನ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲೇ ಮುಟ್ಟಿದೆ. ಎಲ್ಲವನ್ನೂ ಬದಲಾಯಿಸಿದಾಗ ಗುಂಯ್ ಅಡಗಿತು.

ಚರಚರ ಹಾಗೇ ಉಳಿಯಿತು. ವೈಬ್ರೇಟೋ ಚಾನೆಲ್ಲಿನ ಮೊದಲ 12ಎಎಕ್ಸ್7 (ಗಿಟಾರಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಚಿಕ್ಕ ವಾಲ್ವ್) ಕಿತ್ತರೆ ನಿಲ್ಲುತ್ತಿತ್ತು. ಜನ ಏಮಾರುವುದು ಇಲ್ಲೇ. ವಾಲ್ವ್ ಕಿತ್ತಾಗ ಅದಕ್ಕೆ ಕರೆಂಟ್ ಕೊಡುವ ಪ್ಲೇಟ್ ರೆಸಿಸ್ಟರ್‌ನಲ್ಲೂ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ನನ್ನ ಹತ್ತಿರ ನಮ್ಮ ಜಾಲಹಳ್ಳಿ ಬಿಇಎಲ್‌ನ ಹಳೆ ಇಸಿಸಿ83 ಇತ್ತು. 12ಎಎಕ್ಸ್7ಗೆ ಯುರೋಪಿನವರು ಇಟ್ಟ ಹೆಸರು ಅದು. ಅದನ್ನು ಹಾಕಿದರೂ ಅದೇ ಚರಚರ. ಕೊನೆಗೆ 100 ಕಿಲೋ ಓಮ್ ಅಂತ ಬಣ್ಣದ ಪಟ್ಟಿ ಇದ್ದ ಆ ಕಾರ್ಬನ್ ಪ್ಲೇಟ್ ರೆಸಿಸ್ಟರ್ ಅಳೆದರೆ 138 ತೋರಿಸಿತು! ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದೆ, ತೆಪ್ಪಗಾಯಿತು.

ರಿವರ್ಬ್ ಬರದಿದ್ದದ್ದು ಕೇಬಲ್ ತುದಿಯ ಬೆಸುಗೆ ಬಿಟ್ಟಿದ್ದರಿಂದ, ಅಷ್ಟೇ.

ಕೊನೆಗೆ ಬಯಾಸ್, ಅಂದರೆ ಸದ್ದಿಲ್ಲದಾಗಲೂ ಪವರ್ ವಾಲ್ವ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬ ಹೊಂದಾಣಿಕೆ. 6ವಿ6ನ ಎಂಟನೇ ಪಿನ್ನಿಗೆ 1 ಓಮ್ ರೆಸಿಸ್ಟರ್ ಸೇರಿಸಿ ಅಳೆದೆ. ಪ್ಲೇಟಿನಲ್ಲಿ 415 ವೋಲ್ಟ್ ಇತ್ತು. ವಾಲ್ವ್ ತಾಳುವ 12 ವಾಟ್ ಮಿತಿಯ ಶೇಕಡಾ 70 ಅಂದರೆ ಸುಮಾರು 20 ಮಿಲಿ ಆಂಪಿಯರ್. ಅಲ್ಲಿಗೆ ನಿಲ್ಲಿಸಿದೆ. ನೀಲಿ ಬಣ್ಣದ ಹಳೆ ಕಪ್ಲಿಂಗ್ ಕೆಪಾಸಿಟರ್‌ಗಳನ್ನೂ (ಡಿಸಿ ತಡೆದು ಸಿಗ್ನಲ್ ಮಾತ್ರ ದಾಟಿಸುವಂಥವು) ಬದಲಾಯಿಸಿ ಅಂತ ಗೆಳೆಯರು ಹಟ ಹಿಡಿದರು. ಅವುಗಳಿಂದ ಡಿಸಿ ಸೋರುತ್ತಿರಲಿಲ್ಲ. ಸುಮ್ನೆ ಯಾಕೆ ಕೀಳಲಿ? ಅವು ಈಗಲೂ ಅಲ್ಲೇ ಇವೆ.