ಅಂಗಳದಲ್ಲೇ ನಿಂತು ಮಳೆಗಾಳಿಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಜುಲೈ ತಿಂಗಳಲ್ಲಿ ಒಂದು ದಿನ ಸಕಲೇಶಪುರದಲ್ಲಿ ಬಸ್ಸು ಹತ್ತಿ ಅರಸೀಕೆರೆಯಲ್ಲಿ ಇಳಿಯಿರಿ. ಹಾಸನದ ಮೇಲೆ ಹೋದರೆ ಸುಮಾರು 80 ಕಿಲೋಮೀಟರ್. ಹತ್ತುವಾಗ ಕೊಡೆಯಿಂದ ನೀರು ಸೋರುತ್ತಿರುತ್ತದೆ. ಇಳಿಯುವಾಗ ಅದೇ ಕೊಡೆ ಬಿಸಿಲಿಗೆ ಬೇಕಾದರೂ ಆಶ್ಚರ್ಯವಿಲ್ಲ. ಎರಡೂ ಊರಿಗೆ ಸೂರ್ಯ ಒಬ್ಬನೇ ಅಲ್ವಾ? ಮತ್ತೆ ಮಳೆ ಯಾಕೆ ಬೇರೆ? ಮನೆಯಲ್ಲಿರುವ ಸಾಮಾನಿನಲ್ಲೇ ಇದನ್ನು ಕಂಡುಕೊಳ್ಳಬಹುದು.

ಮೊದಲು ಟಾರ್ಚ್. ಕೋಣೆ ಕತ್ತಲು ಮಾಡಿ, ನೆಲಕ್ಕೆ ಹಳೆಯ ಪೇಪರ್ ಹಾಸಿ, ಒಂದು ಅಡಿ ಮೇಲಿಂದ ನೇರವಾಗಿ ಬೆಳಕು ಬಿಡಿ. ಬಿದ್ದ ವೃತ್ತದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಎತ್ತರ ಬದಲಿಸದೆ ಟಾರ್ಚನ್ನು ಓರೆ ಮಾಡಿ. ವೃತ್ತ ಉದ್ದಕ್ಕೆ ಹಿಗ್ಗುತ್ತದೆ, ಬೆಳಕು ಮಂಕಾಗುತ್ತದೆ. ಇದ್ದ ಬೆಳಕೇ ಹೆಚ್ಚು ಜಾಗಕ್ಕೆ ಹಂಚಿಹೋಯಿತು, ಅಷ್ಟೇ. ಭೂಮಿ ಉಂಡೆಯಾಗಿರುವುದರಿಂದ ಧ್ರುವಗಳ ಕಡೆ ಬಿಸಿಲು ಹೀಗೇ ಓರೆಯಾಗಿ ಬೀಳುತ್ತದೆ. ಭೂಮಿ 23.5 ಡಿಗ್ರಿ ವಾಲಿಕೊಂಡೇ ಸೂರ್ಯನ ಸುತ್ತ ಸುತ್ತುವುದರಿಂದ ನೇರ ಬಿಸಿಲು ಬೀಳುವ ಜಾಗವೂ ವರ್ಷವಿಡೀ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತದೆ.

ಆ ಓಡಾಟವನ್ನು ನಿಮ್ಮ ಅಂಗಳದಲ್ಲೇ ಹಿಡಿಯಬಹುದು. ಹಾಸನ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24–25ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಅವತ್ತು ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12.25ರ ಹೊತ್ತಿಗೆ ನೋಡಿ. ಸರಿಯಾಗಿ ಹನ್ನೆರಡಕ್ಕೆ ನೋಡಿ ನಿರಾಶೆಯಾಗಬೇಡಿ, ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವಕ್ಕಿರುವ ರೇಖಾಂಶದ ಲೆಕ್ಕದಲ್ಲಿ. ನೆರಳು ಕೋಲಿನ ಬುಡದಲ್ಲೇ ಅಡಗಿರುತ್ತದೆ. ಆಗಸ್ಟ್ 18ರ ಸುಮಾರಿಗೆ ಹೀಗೇ ಇನ್ನೊಮ್ಮೆ ಆಗುತ್ತದೆ, ಆದರೆ ಮೋಡ ಬಿಟ್ಟುಕೊಡಬೇಕಲ್ಲ!

ಏಪ್ರಿಲ್ ಕೊನೆ ಎಂದರೆ ಭರಣಿ ಮಳೆ ಶುರುವಾಗುವ ಸಮಯ. ‘ಭರಣಿ ಬಂದರೆ ಧರಣಿ ಬದುಕೀತು’ ಎಂದವರು ಕೋಲು ನೆಟ್ಟು ನೋಡಿದ್ದರೋ ಇಲ್ಲವೋ, ಲೆಕ್ಕ ಮಾತ್ರ ಕೂಡುತ್ತದೆ. ನೇರ ಬಿಸಿಲಿಗೆ ನೆಲ ಕಾಯುತ್ತದೆ, ಕಾದ ನೆಲ ಗಾಳಿಯನ್ನು ಕಾಯಿಸುತ್ತದೆ. ಆ ಗಾಳಿ ತೇವವನ್ನೂ ಎತ್ತಿಕೊಂಡು ಮೇಲೇರಿ, ಸಂಜೆಗೆ ಗುಡುಗು ಮಳೆಯಾಗುತ್ತದೆ. ಕಾಫಿ ಬೆಳೆಗಾರರು ಕಾಯುವ ಹೂಮಳೆಯೂ ಹೆಚ್ಚಾಗಿ ಇದೇ ಜಾತಿಯದು.

ಮುಂಗಾರಿನ ಗುಟ್ಟು ಇರುವುದು ಮುಂದಿನ ಪ್ರಯೋಗದಲ್ಲಿ. ಒಂದೇ ಅಳತೆಯ ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಒಣ ಮಣ್ಣು, ಇನ್ನೊಂದಕ್ಕೆ ನೀರು ತುಂಬಿ ಒಂದು ಗಂಟೆ ಬಿಸಿಲಿಗಿಡಿ. ಆಮೇಲೆ ಬೆರಳಿಟ್ಟು ನೋಡಿ. ಮಣ್ಣಿನ ಮೇಲ್ಭಾಗ ಸುಡುತ್ತದೆ, ನೀರು ಸುಮ್ನೆ ಉಗುರುಬೆಚ್ಚಗಿರುತ್ತದೆ. (ಜ್ವರದ ಥರ್ಮಾಮೀಟರ್ ಹಾಕಬೇಡಿ. ಅದರ ಅಳತೆ 42–43 ಡಿಗ್ರಿಗೇ ಮುಗಿಯುತ್ತದೆ. ನಾನು ಒಂದನ್ನು ಹಾಗೇ ಹಾಳು ಮಾಡಿದೆ.) ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು, ಅಷ್ಟೇ ತೂಕದ ಒಣ ಮಣ್ಣಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಶಾಖ ಬೇಕು. ಮೇ ತಿಂಗಳ ಭಾರತ ಮಣ್ಣಿನ ಲೋಟ, ಅರಬ್ಬಿ ಸಮುದ್ರ ನೀರಿನ ಲೋಟ.

ಎರಡರ ನಡುವೆ ಗಾಳಿ ಹೇಗೆ ಓಡುತ್ತದೆ? ಖಾಲಿ ಗಾಜಿನ ಮೀನಿನ ತೊಟ್ಟಿಯ ಒಂದು ತುದಿಗೆ ಬಾಣಲೆಯಲ್ಲಿ ಹುರಿದ ಮರಳಿನ ತಟ್ಟೆ ಇಡಿ, ಇನ್ನೊಂದು ತುದಿಗೆ ಐಸ್ ಇಡಿ. ನಡುವೆ ಊದುಬತ್ತಿ ಹಚ್ಚಿ, ಮೇಲೆ ರಟ್ಟು ಮುಚ್ಚಿ. ಫ್ಯಾನ್ ಆರಿಸುವುದನ್ನು ಮರೆಯಬೇಡಿ. ಹೊಗೆ ತಳದಲ್ಲಿ ಮರಳಿನ ಕಡೆ ಜಾರಿ, ಅಲ್ಲಿ ಮೇಲೇರಿ, ರಟ್ಟಿನಡಿ ಐಸಿನ ಕಡೆ ತಿರುಗುತ್ತದೆ. ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿಯೂ ಬಿಸಿ ನೆಲದ ಕಡೆ ಹೀಗೇ ಓಡಿ ಬರುತ್ತದೆ. ಭೂಮಿ ತಿರುಗುತ್ತಿರುವುದರಿಂದ, ದಕ್ಷಿಣದಿಂದ ಹೊರಟ ಆ ಗಾಳಿ ಸಮಭಾಜಕ ದಾಟಿದ ಮೇಲೆ ಬಲಕ್ಕೆ ವಾಲುತ್ತದೆ. ಆದ್ದರಿಂದ ನಮಗೆ ಅದು ನೈಋತ್ಯದ ಗಾಳಿ.

ಬಿಸಿಗಾಳಿ ಮೇಲೇರುತ್ತದೆ ಅಂದ ಮೇಲೆ ಮುಳ್ಳಯ್ಯನಗಿರಿಯ ತುದಿ ಚಿಕ್ಕಮಗಳೂರು ಪೇಟೆಗಿಂತ ತಂಪಾಗಿರುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗಾಗುತ್ತದಲ್ಲ, ಇದೂ ಅದೇ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಎತ್ತರಕ್ಕೆ ಆರೇಳು ಡಿಗ್ರಿ ಇಳಿಯುತ್ತದೆ. ಗಿರಿಯ ಎತ್ತರ ಸುಮಾರು 1,930 ಮೀಟರ್.

ಬಸ್ಸಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸಮುದ್ರದ ತೇವ ಹೊತ್ತ ಗಾಳಿ ಬಿಸಿಲೆ, ಚಾರ್ಮಾಡಿಯ ಘಟ್ಟ ಹತ್ತುವಾಗ ತಣ್ಣಗಾಗಿ ನೀರನ್ನು ಅಲ್ಲೇ ಸುರಿಸುತ್ತದೆ. ಘಟ್ಟ ದಾಟಿ ಇಳಿಯುವಾಗ ಮತ್ತೆ ಬೆಚ್ಚಗಾಗಿ ಒಣಗುತ್ತದೆ. ಅರಸೀಕೆರೆ, ಕಡೂರಿನವರ ಪಾಲಿಗೆ ಉಳಿಯುವುದು ಬರೀ ಗಾಳಿ ಮತ್ತು ಚೂರುಪಾರು ಹನಿ.

ಕೊನೆಯದು ಮೊಬೈಲ್ ಕೆಲಸ. ಹವಾಮಾನ ಇಲಾಖೆ ತೋರಿಸುವ ಇನ್ಸಾಟ್ ಉಪಗ್ರಹಗಳ ಚಿತ್ರ ತೆರೆಯಿರಿ. ಈ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದಲ್ಲೇ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಅದೂ 1982ರಿಂದ. ಏಪ್ರಿಲ್ ಕೊನೆಯ ಒಂದು ದಿನ ಬೆಳಗ್ಗೆ ಹತ್ತರ ಚಿತ್ರವನ್ನೂ ಸಂಜೆ ನಾಲ್ಕರ ಚಿತ್ರವನ್ನೂ ಪಕ್ಕಪಕ್ಕ ಇಡಿ. ಬೆಳಗ್ಗೆ ಖಾಲಿಯಿದ್ದ ಮಲೆನಾಡಿನ ಮೇಲೆ ಸಂಜೆಗೆ ಬಿಳಿ ಉಂಡೆಗಳು ಎದ್ದಿದ್ದರೆ, ಹೊರಗೆ ಒಣಹಾಕಿದ್ದನ್ನು ಬೇಗ ಎತ್ತಿಕೊಳ್ಳಿ.