ಪಿಯುಸಿ ಓದೋ ಮಗ ಗಾಂಜಾ ಸೇದ್ತಿದಾನೆ ಅಂತ ಡೌಟ್ ಬಂದ್ರೆ

ಬ್ಯಾಗಲ್ಲಿ ಗಾಂಜಾ ಸುತ್ತೋ ರೋಲಿಂಗ್ ಪೇಪರ್ ಸಿಕ್ತು ಅಂದ ತಕ್ಷಣ ಕಪಾಳಕ್ಕೆ ಬಾರಿಸೋದು, ಫೋನ್ ಕಿತ್ಕೊಳ್ಳೋದು, ಸೋದರಮಾವನ್ನ ಕರ್ಸಿ ಪಂಚಾಯ್ತಿ ಮಾಡ್ಸೋದು ಇವೆಲ್ಲ ಬೇಡ. ಅದ್ರಿಂದ ಬಿಡಲ್ಲ, ನಿಮ್ಗೆ ಕಾಣ್ದಂಗೆ ಸೇದೋದು ಕಲೀತಾನೆ ಅಷ್ಟೆ.

ಕೆಂಪು ಕಣ್ಣು, ಹೊತ್ತಲ್ಲದ ಹೊತ್ತಲ್ಲಿ ಸಿಕ್ಕಾಪಟ್ಟೆ ಹಸಿವು, ಬಟ್ಟೇಲಿ ಸುಟ್ಟ ಸೊಪ್ಪಿನ ವಾಸನೆ, ಜೇಬಲ್ಲಿ ಐ ಡ್ರಾಪ್ಸ್, ಇವು ಸುಳಿವು ಹೌದು. ಆದ್ರೆ ರಾತ್ರಿಯೆಲ್ಲ ಮೊಬೈಲ್ ನೋಡೋ ಹುಡುಗ್ರಿಗೂ ಕಣ್ಣು ಕೆಂಪಗೇ ಇರುತ್ತೆ, ಹಂಗಾಗಿ ದಿನಾ ಆಡ್ತಿದ್ದ ಕ್ರಿಕೆಟ್ ಬಿಟ್ನಾ, ಹಳೇ ಫ್ರೆಂಡ್ಸ್ ಮನೆಗೆ ಬರೋದು ನಿಂತೋಯ್ತಾ, ದುಡ್ಡಿನ ಲೆಕ್ಕ ತಪ್ತಿದ್ಯಾ, ಅದನ್ನೂ ನೋಡಿ. ಕದ್ದು ಯೂರಿನ್ ಟೆಸ್ಟ್ ಮಾಡ್ಸೋದಂತೂ ಬೇಡವೇ ಬೇಡ, ದಿನಾ ಸೇದೋರಲ್ಲಿ ಬಿಟ್ಟು ವಾರಗಳಾದ್ರೂ ಪಾಸಿಟಿವ್ ಬರ್ಬಹುದು, ಆಮೇಲೆ ಅವ್ನು ನಿಜವಾಗ್ಲೂ ಬಿಟ್ಟಿದ್ರೂ ನೀವು ನಂಬಲ್ಲ.

ಮಾತಾಡೋಕೆ ಅವ್ನು ಅಮಲಲ್ಲಿ ಇಲ್ದಿರೋ ಹೊತ್ತು ನೋಡ್ಕೊಳಿ, ಅಪ್ಪ ಅಮ್ಮ ಇಬ್ರೂ ಎದುರು ಕೂತ್ರೆ ಕೋರ್ಟ್ ಥರ ಆಗುತ್ತೆ, ಒಬ್ರೇ ಸಾಕು. ಯಾವಾಗಿಂದ ಶುರುವಾಯ್ತು, ಸೇದಿದ್ರೆ ಏನನ್ಸುತ್ತೆ ಅಂತ ಕೇಳಿ ಸುಮ್ನಾಗ್ಬಿಡಿ, ಈ ಸುಮ್ನಿರೋದೇ ನಮ್ ಕೈಲಿ ಆಗಲ್ಲ ನೋಡಿ! ಸಿಇಟಿ ಟೆನ್ಷನ್ನು, ನಿದ್ದೆ ಬರಲ್ಲ, ಗುಂಪಲ್ಲಿ ಒಬ್ನೇ ಬೇಡ ಅನ್ನೋಕೆ ನಾಚಿಕೆ, ಅವ್ನ ಕಾರಣ ಯಾವ್ದು ಅಂತ ಗೊತ್ತಾಗ್ದೆ ಬಿಡ್ಸೋದು ಕಷ್ಟ.

"ಇದು ಬರೀ ಸೊಪ್ಪು, ಸಾಧುಗಳೂ ಸೇದ್ತಾರೆ, ಕೆನಡಾದಲ್ಲಿ ಲೀಗಲ್ಲು" ಅಂತ ವಾದ ಬಂದೇ ಬರುತ್ತೆ, ರೆಡಿಯಾಗಿರಿ. ಕೆನಡಾದಲ್ಲಿ 2018ರಿಂದ ಲೀಗಲ್ ನಿಜ, ಆದ್ರೆ ಅಲ್ಲೂ 18 ತುಂಬದೇ ಇರೋರಿಗೆ ಮಾರಂಗಿಲ್ಲ, ಬಹಳ ಕಡೆ 19 ಆಗಿರ್ಬೇಕು, ಅಮೆರಿಕದಲ್ಲಿ ಮೋಜಿಗೆ ಸೇದೋಕೆ ಬಿಟ್ಟಿರೋ ರಾಜ್ಯಗಳಲ್ಲಿ 21. ಯಾಕಂದ್ರೆ ಮೆದುಳು ಹೆಚ್ಚುಕಮ್ಮಿ 25ರವರೆಗೂ ಬೆಳೀತಾನೇ ಇರುತ್ತೆ, ಆ ವಯಸ್ಸಲ್ಲಿ ದಿನಾ ಸೇದಿದ್ರೆ ನೆನಪು, ಗಮನ ಎರಡಕ್ಕೂ ಏಟು. ಮನೇಲಿ ಯಾರಿಗಾದ್ರೂ ಸ್ಕಿಜೋಫ್ರೇನಿಯಾ (ಇಲ್ಲದ್ದು ಕಾಣೋ, ಕೇಳ್ಸೋ ಮಾನಸಿಕ ಕಾಯಿಲೆ) ಇದ್ರೆ ಅದು ಇವ್ನಿಗೂ ಬರೋ ರಿಸ್ಕ್ ಇನ್ನೂ ಜಾಸ್ತಿ, ಇದನ್ನ ಮುಚ್ಚಿಡ್ದೆ ಹೇಳಿ. ಒಂದು ದಮ್ಮಿಗೇ ಸತ್ತೋಗ್ತೀಯ ಅಂತ ಮಾತ್ರ ಹೆದರಿಸ್ಬೇಡಿ, ಅವ್ನ ಫ್ರೆಂಡ್ಸ್ ಸೇದಿ ಆರಾಮಾಗಿರೋದು ಅವ್ನೇ ನೋಡಿರ್ತಾನೆ, ಆಮೇಲೆ ನೀವು ಹೇಳೋ ನಿಜಾನೂ ನಂಬಲ್ಲ.

ಕಾನೂನು ಹುಡುಗ್ರಿಗೆ ಅರ್ಧಂಬರ್ಧ ಗೊತ್ತಿರುತ್ತೆ. 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತುಗಳ ಕಾಯ್ದೆಲಿ 1 ಕೆಜಿವರೆಗೂ ಗಾಂಜಾ ಸಣ್ಣ ಪ್ರಮಾಣ ಅಂತ ಇದೆ ನಿಜ, ಆದ್ರೆ ಅದಕ್ಕೂ 1 ವರ್ಷದವರೆಗೆ ಜೈಲು ಇಲ್ಲಾ 10,000 ರೂಪಾಯಿವರೆಗೆ ದಂಡ, ಎರಡೂ ಆಗ್ಬಹುದು. 18 ತುಂಬಿಲ್ಲ ಅಂದ್ರೆ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತೆ. ಫ್ರೆಂಡಿಗೆ ಅಂತ ದುಡ್ಡಿಸ್ಕೊಂಡು ಪ್ಯಾಕೆಟ್ ತಂದ್ಕೊಟ್ರೆ ಅದನ್ನ ಮಾರಾಟ ಅಂತ್ಲೇ ಹಿಡೀಬಹುದು, ಇದನ್ನ ಒತ್ತಿ ಹೇಳಿ.

ದಿನಾ ಸೇದ್ತಿದ್ದೋನು ಬಿಟ್ಟ ಮೊದಲ್ನೇ ವಾರ ಸಿಡುಕು, ನಿದ್ದೆಗೇಡು, ಊಟ ಸೇರಲ್ಲ, ಸಾಮಾನ್ಯವಾಗಿ ಎರಡು ವಾರದೊಳಗೆ ತಗ್ಗುತ್ತೆ, ಆ ದಿನಗಳಲ್ಲಿ ಮಾರ್ಕ್ಸ್ ವಿಷ್ಯ ಎತ್ಲೇಬೇಡಿ. ಆಗ್ತಿಲ್ಲ ಅನ್ಸಿದ್ರೆ 14416ಕ್ಕೆ, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಬೆಂಗಳೂರಲ್ಲಿದ್ರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಯಾರೂ ಇಲ್ದಿದ್ರೂ ಯಾರೋ ನೋಡ್ತಾ ಇದ್ದಾರೆ, ಯಾರೋ ಕಿವಿಯಲ್ಲಿ ಮಾತಾಡ್ತಾರೆ ಅಂತಾನೆ ಅಂದ್ರೆ ಕಾಯಬೇಡಿ, ಅವತ್ತೇ ಕರ್ಕೊಂಡ್ಹೋಗಿ.