ಊದುವ ಮಿಡಿ ಕಂಟ್ರೋಲರ್ ಮಾಡ್ತಿದ್ದೀರಾ? ಮೊದಲು ಉಸಿರಿನ ದಾರಿ ಸರಿ ಮಾಡಿ

ಮಿಡಿ ಕಂಟ್ರೋಲರ್ ಅಂದರೆ ತಾನೇ ಸದ್ದು ಮಾಡದೆ, ಯಾವ ಸ್ವರ, ಎಷ್ಟು ಜೋರು ಅಂತ ಕಂಪ್ಯೂಟರಿಗೋ ಸಿಂಥಸೈಜರಿಗೋ ಹೇಳೋ ವಾದ್ಯ. ಇದನ್ನು ಮಾಡುವಾಗ ಎಲ್ಲರೂ ಕೀಗಳಿಂದ ಶುರು ಮಾಡ್ತಾರೆ. ನನ್ನ ಸಲಹೆ, ಮೊದಲು ಉಸಿರು. ವಾದ್ಯಕ್ಕೆ ಜೀವ ಬರೋದು ಅಲ್ಲಿಂದಲೇ ಅಲ್ವಾ?

ಎಂಪಿಎಕ್ಸ್5010 ಥರದ 0–10 ಕಿಲೋಪಾಸ್ಕಲ್ ಪ್ರೆಶರ್ ಸೆನ್ಸರ್ ಸಾಕು. ಆದರೆ ಅದಕ್ಕೆ ನೇರವಾಗಿ ಊದಬೇಡಿ. ನನ್ನ ಮೊದಲ ಸೆನ್ಸರ್ ಎಂಜಲಿನ ತೇವಕ್ಕೇ ಹಾಳಾಯಿತು. ಬಾಯಿಯ ಕೊಳವೆಗೆ ಟಿ ಆಕಾರದ ಜಾಯಿಂಟ್ ಹಾಕಿ. ಒಂದು ಕವಲು ಮೇಲ್ಮುಖವಾಗಿ ಸೆನ್ಸರ್‌ಗೆ ಹೋಗಲಿ, ಇನ್ನೊಂದು ಸಣ್ಣ ತೂತಿನಿಂದ ಹೊರಗೆ ತೆರೆದಿರಲಿ. ತೇವ ಅಲ್ಲಿಂದ ಇಳಿದುಹೋಗುತ್ತೆ. ಗಾಳಿಯೂ ಹರಿಯುತ್ತೆ, ಹಾಗಾಗಿ ನಿಜವಾದ ಕೊಳಲು ಊದಿದ ಹಾಗೇ ಅನಿಸುತ್ತೆ. ತೂತು ದೊಡ್ಡದಾದರೆ ಉಸಿರು ಬೇಗ ಖಾಲಿ, ಚಿಕ್ಕದಾದರೆ ಕೆನ್ನೆ ನೋವು. ಒಂದು ಸ್ಕ್ರೂ ಸೇರಿಸಿ ತಿರುಗಿಸುತ್ತಾ ಹದ ನೋಡಿ.

ಊದದೇ ಇದ್ದಾಗಲೂ ಈ ಸೆನ್ಸರ್ ಸುಮಾರು 0.2 ವೋಲ್ಟ್ ಕೊಡುತ್ತೆ. 5 ವೋಲ್ಟಿನ ಆರ್ಡುಯಿನೋ (ಸೆನ್ಸರ್ ಓದೋ ಪುಟ್ಟ ಕಂಪ್ಯೂಟರ್ ಬೋರ್ಡ್) ಅದನ್ನು 0–1023ರ ಅಳತೆಯಲ್ಲಿ 40ರ ಆಸುಪಾಸು ಅಂತ ಓದುತ್ತೆ. ಆನ್ ಮಾಡಿದಾಗಲೆಲ್ಲ ಅದನ್ನು ಅಳೆದು ಕಳೆಯಿರಿ. ಉಳಿದದ್ದನ್ನು 0–127ಕ್ಕೆ ಇಳಿಸಿ, ಮಿಡಿ ಸಿಸಿ 2 ಆಗಿ, ಅಂದರೆ ಉಸಿರಿಗೆಂದೇ ಇರೋ ಮಿಡಿ ಸಂದೇಶವಾಗಿ ಕಳಿಸಿ.

ಕೀಗಳಿಗೆ ಎಂಪಿಆರ್121 ಟಚ್ ಚಿಪ್ ಸಾಕು, 12 ಸ್ಪರ್ಶ ಸಿಗುತ್ತೆ. ಬೆರಳುಗಳು ಒಟ್ಟಿಗೆ ಏಳೋದಿಲ್ಲ, ಮಧ್ಯೆ ಸುಮ್ನೆ ಬೇರೆ ಸ್ವರ ಇಣುಕುತ್ತೆ. ಸ್ವರ ಬದಲಿಸೋ ಮುಂಚೆ 10–20 ಮಿಲಿಸೆಕೆಂಡ್ ಕಾಯುವಂತೆ ಕೋಡ್ ಬರೆಯಿರಿ.